ಎರಡು ಕಾರ್ಡು

ರಾಝ್‌ಗ್ರಾದ್, ಬಲ್ಗೇರಿಯಾ, ೧೯೯೧

ಹೌದು, ಸದಸ್ಯೆಯಾಗಿದ್ದೆ.
ಹದಿನೈದು ವರ್ಷ, ತಿಂಗಳಿಗೊಂದು ಸ್ಟ್ಯಾಂಪು,
ಎಂಜಲು ಹಚ್ಚಿ ಅಂಟಿಸುತ್ತಿದ್ದೆ ಕೆಂಪು ಪುಸ್ತಕಕ್ಕೆ.
ಒಂದು ತಿಂಗಳೂ ತಪ್ಪಿಲ್ಲ, ನೋಡಿ.

ಯಾಕೆ ಸೇರಿದೆ ಅಂತ ಕೇಳುವ ಜಾಗ
ನಿಮ್ಮ ಫಾರಮಿನಲ್ಲಿಲ್ಲ. ಆದರೂ ಹೇಳುತ್ತೇನೆ.
ಗ್ರಂಥಾಲಯದ ಮಾಡು ಸೋರುತ್ತಿತ್ತು,
ಸರಿಯಾಗಿ ಭೂಗೋಳದ ಕಪಾಟಿನ ಮೇಲೆ.
ಸೇರಿಕೋ, ತಗಡು ಬರುತ್ತೆ ಎಂದರು.
ಸೇರಿದೆ. ಬಂತು.
ಆ ತಗಡಿನ ಕೆಳಗೇ ಅಲ್ಲವೇ ಪ್ಲಾಮೆನ್, ನೀನು
(ಕ್ಷಮಿಸಿ, ನೀವು)
ಅಕ್ಷರ ಕೂಡಿಸಿ ಓದಿದ್ದು?
ಹಳ್ಳಿ ಹಳ್ಳಿಗೆ ಪುಸ್ತಕದ ಬಸ್ಸು ಕಳಿಸಿದ್ದೂ ಅದೇ ಪಕ್ಷ.
ಅದಕ್ಕೆ ನನ್ನ ಬೆಂಬಲವಿತ್ತು. ಈಗಲೂ ಇದೆ.
ಬರೆದುಕೊಳ್ಳಿ.

ಎಂಬತ್ತೈದರ ಜನವರಿ.
ತುರ್ಕರ ಹೆಸರು ಬದಲಿಸುವ ಮಾತು ಸಭೆಗೆ ಬಂದಾಗ
ಮಡಿಲಲ್ಲಿ ಹೆಣಿಗೆಯಿತ್ತು. ಎಡಗೈಯಲ್ಲಿ ಉಣ್ಣೆ.
ಬಲಗೈ ಎತ್ತಿದೆನೋ
ಕೂದಲು ಸರಿಮಾಡಿಕೊಂಡೆನೋ
ಇವತ್ತಿಗೂ ಗೊತ್ತಿಲ್ಲ ನನಗೆ.
ಎಣಿಸಿದವನಿಗೆ ಗೊತ್ತಿತ್ತು: ಅವಿರೋಧ.

ಪಕ್ಕದ ಮನೆಯ ಹಮಿದೆ
ವಾರದೊಳಗೆ ಹ್ರಿಸ್ತಿನಾ ಆದಳು.
ಮೊದಲಕ್ಷರ ಒಂದು ಉಳಿಯಿತು,
ಸುಟ್ಟ ಮನೆಯ ಹೊಸ್ತಿಲು.
ನಾಲ್ಕು ವರ್ಷ ಅವಳನ್ನು ನಾನು
ಯಾವ ಹೆಸರಿಂದಲೂ ಕರೆಯಲಿಲ್ಲ.
'ಏ, ಇಲ್ಲಿ' ಅನ್ನುತ್ತಿದ್ದೆ ಬೇಲಿಯಾಚೆಗೆ.
ಆಮೇಲೆ ಒಂದು ಬೇಸಿಗೆ
ಹಾಸಿಗೆ ಸುತ್ತಿಕೊಂಡು ಗಡಿ ದಾಟಿದಳು.

ಉಪ್ಪು ತಿಂದವರು ನೀರು ಕುಡಿಯಬೇಕು, ಒಪ್ಪಿದೆ.
ಎಷ್ಟು ಉಪ್ಪಿಗೆ ಎಷ್ಟು ನೀರು, ಅದನ್ನು ಹೇಳಿ.

ಇನ್ನೊಂದಿದೆ, ನೀವು ಕೇಳಿಲ್ಲ.
ನನ್ನ ಡ್ರಾಯರಿನಲ್ಲಿ ಓದುಗರ ಕಾರ್ಡೊಂದು ಸಿಕ್ಕಿತು,
ಹಮಿದೆಯದು, ಹಳೆಯ ಹೆಸರಿನಲ್ಲೇ.
ಧೈರ್ಯ ಎಂದರು ಪತ್ರಿಕೆಯವರು, ಫೋಟೋ ತೆಗೆದರು.
ಧೈರ್ಯವಲ್ಲ ಮಾರಾಯರೇ.
ಖಾಲಿ ಕಾರ್ಡು ಮುಗಿದಿದ್ದವು,
ತರಿಸಲು ಸೋಮಾರಿತನ.
ಕೆಂಪು ಪುಸ್ತಕ ನಾನಲ್ಲ ಅನ್ನುವುದಾದರೆ
ಈ ಕಾರ್ಡೂ ನಾನಲ್ಲ.
ತಗೊಳ್ಳಿ, ಎರಡನ್ನೂ ಮೇಜಿನ ಮೇಲಿಟ್ಟಿದ್ದೇನೆ.

ಇವತ್ತು ಬೆಳಗ್ಗೆ ಅವಳು ಬಂದಿದ್ದಳು.
ಕೌಂಟರಿನ ಮುಂದೆ ನಿಂತಳು, ಕಾದಳು.
ಹೆಸರು? ಎಂದೆ.
ಬಿಡಿಸಿ ಬಿಡಿಸಿ ಹೇಳಿದಳು ಒಂದೊಂದೇ ಅಕ್ಷರ,
ಪರವೂರಿನವಳಿಗೆ ಹೇಳುವ ಹಾಗೆ.
ಆಮೇಲೆ ಚೀಲದಿಂದ ತೆಗೆದಳು
ಆರು ವರ್ಷದ ಹಿಂದೆ ಒಯ್ದ ಪುಸ್ತಕ,
ಹೊಲಿಗೆಯದು, ಅಂಚು ಮಾಸಿದೆ.
ದಂಡ ಎಷ್ಟಾಯಿತು ಎಂದು ಕೇಳಿದಳು.

ಪೆನ್ನು ಹುಡುಕುತ್ತಿದ್ದೆ,
ಅಷ್ಟರಲ್ಲಿ ನೀವು ಕರೆಸಿದಿರಿ.