ಹಿಮ್ಮಡಿ

ಗೋಣಿಕೊಪ್ಪಲಿನ ಬೈಪಾಸಿನಲ್ಲಿ ಮೊಯ್ದುಕ್ಕನ ಶೆಡ್ಡು.
ಕುಟ್ಟದ ಕಡೆ ಮರದ ಲಾರಿ ಹೋದರೆ
ಡಯಲ್ಲಿನ ಮುಳ್ಳು ನಡುಗುತ್ತದೆ.
"ತಡಿ," ಅನ್ನುತ್ತಾರೆ, "ಅದು ಹೋಗಲಿ.
ಲಾರಿಯ ಅಳತೆ ನಮಗೆ ಬೇಡ."

ಎರಡು ವೀ-ಬ್ಲಾಕಿನ ಮಡಿಲಲ್ಲಿ ಮಲಗಿದೆ ಕ್ಯಾಮ್‌ಶಾಫ್ಟು,
ಸೀಮೆಎಣ್ಣೆಯಲ್ಲಿ ಮಿಂದು, ಒರೆಸಿಕೊಂಡು,
ರಾತ್ರಿಯಿಡೀ ಶೆಡ್ಡಿನ ಚಳಿಗೆ ಒಗ್ಗಿಕೊಂಡು.
ಬಿಸಿ ಕೈ ತಗುಲಿದರೂ ಉಕ್ಕು ಬೆಳೆಯುತ್ತದಂತೆ.
ನಾನು ನಂಬಿರಲಿಲ್ಲ. ಹಿಡಿದು ನೋಡಿ ನಂಬಿದೆ.

ದೇಚಮ್ಮ ಬೆಂಚಿನ ತುದಿಯಲ್ಲಿ, ಹೆಲ್ಮೆಟ್ಟು ತೊಡೆಯ ಮೇಲೆ.
ಕೊಯಮತ್ತೂರಿನಿಂದ ತರಿಸಿದ್ದು, ಹದಿನೆಂಟು ಸಾವಿರ,
ಬರುವ ಭಾನುವಾರ ಪೊನ್ನಂಪೇಟೆಯ ಒಣಗದ್ದೆಯಲ್ಲಿ ರೇಸು.
"ಎಷ್ಟು ಎತ್ತುತ್ತದೆ, ಅಷ್ಟು ಹೇಳಿ ಸಾಕು."

ನಾನು ಮೂಗಿನ ಕಡೆಗೇ ಕೈ ಹಾಕಿದೆ.
ಮೊಯ್ದುಕ್ಕ ಕೈಗೆ ಒಂದೇಟು ಬಿಟ್ಟರು.
"ಎಲ್ಲರಿಗೂ ತುದಿಯೇ ಬೇಕು.
ಮೊದಲು ಸೊನ್ನೆ ಹುಡುಕು.
ವಾಲ್ವು ಬಾಯಿ ಮುಚ್ಚಿ ಮಲಗುವ ಜಾಗ,
ಯಾರೂ ಹೊಗಳದ ಆ ದುಂಡು ಹಿಮ್ಮಡಿ."

ಮುಳ್ಳಿಗೆ ಒಂದು ಸುತ್ತು ಒತ್ತಡ ಕೊಟ್ಟು
ಡಯಲ್ಲಿನ ಮುಖ ತಿರುಗಿಸಿ ಸೊನ್ನೆಗೆ ಕೂರಿಸಿ
ಶಾಫ್ಟನ್ನು ಒಂದೇ ದಿಕ್ಕಿಗೆ,
ನಿದ್ದೆಯ ಮಗುವಿನ ತಲೆ ತಿರುಗಿಸಿದ ಹಾಗೆ.
ಹಿಮ್ಮಡಿಯುದ್ದಕ್ಕೂ ಮುಳ್ಳು ಕದಲಲಿಲ್ಲ.
ಮೂರನೆಯದರಲ್ಲಿ ಮಾತ್ರ ಒಂದು ಕೂದಲಿನಷ್ಟು;
ಎಣ್ಣೆಯ ಪೊರೆ. ಒರೆಸಿದೆ, ನಿಂತಿತು.
ಆಮೇಲೆ ಏರಿತು, ಏಳು ಮುಕ್ಕಾಲು ದಾಟಿ
ಏಳು ಪಾಯಿಂಟ್ ಎಂಟು. ಮತ್ತೆ ಸೊನ್ನೆಗೇ ಇಳಿಯಿತು.
"ಇಳಿದು ಸೊನ್ನೆಗೆ ಬಾರದಿದ್ದರೆ ಏರಿದ್ದೂ ಸುಳ್ಳು."

ಹಳೆಯದು ಏಳು ಪಾಯಿಂಟ್ ಎರಡು. ದೇಚಮ್ಮ ನಕ್ಕಳು.

ಮೊಯ್ದುಕ್ಕ ನಗಲಿಲ್ಲ. ಮೈಕ್ರೋಮೀಟರು ತೆಗೆದು
ಮೂಗಿನಿಂದ ಹಿಮ್ಮಡಿಗೆ: ಮೂವತ್ತಾರು ಪಾಯಿಂಟ್ ಆರು.
ಹಳೆಯದನ್ನೂ ಹಿಡಿದರು: ಮೂವತ್ತೇಳು ಪಾಯಿಂಟ್ ಎರಡು.
ಕಾಫಿ ಕ್ಯೂರಿಂಗಿನ ರಸೀದಿಯ ಬೆನ್ನಿಗೆ ಬರೆದೆ,
ಕಳೆದೆ, ಮತ್ತೆ ಕಳೆದೆ.
ಹೆಚ್ಚು ಎತ್ತುವುದು ಕುಳ್ಳಗಾದದ್ದು ಹೇಗೆ?

ಅಡ್ಡಕ್ಕೆ ಹಿಡಿದರು, ಹಿಮ್ಮಡಿಯ ದುಂಡಿಗೆ.
ಮೂವತ್ತಿದ್ದದ್ದು ಇಪ್ಪತ್ತೆಂಟು ಪಾಯಿಂಟ್ ಎಂಟು.

"ಮೂಗಿಗೆ ಯಾರೂ ಒಂದು ಚೂರೂ ಸೇರಿಸಿಲ್ಲ ಮೋಳೇ.
ಹಿಮ್ಮಡಿ ಸವೆಸಿದ್ದಾರೆ."

"ಹಾಗಾದರೆ ಮೋಸ?"

ಶಾಫ್ಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.
"ಮೋಸ ಅಲ್ಲ. ಏರು ಏರೇ.
ಅಂಗಳ ಅಗೆದರೂ ಮೆಟ್ಟಿಲು ಎತ್ತರವಾಗುತ್ತದೆ.
ರಾಕರಿನ ಸ್ಕ್ರೂ ಅಷ್ಟು ಕೆಳಗೆ ಬರಬೇಕು.
ಬರುವಷ್ಟು ಥ್ರೆಡ್ಡು ಉಳಿದಿದೆಯೋ, ಈಗ ಅದನ್ನು ನೋಡು."

ದೇಚಮ್ಮ ಹೆಲ್ಮೆಟ್ಟು ನೆಲಕ್ಕಿಟ್ಟು
ಟಾರ್ಚು ಹಿಡಿದು ಎಣಿಸಲು ಕೂತಳು.
ಹೊರಗೆ ಇನ್ನೊಂದು ಲಾರಿ.
ಅಳೆಯುವುದು ಮುಗಿದಿತ್ತು. ಆದರೂ
ಮೂವರೂ ಕೈ ತಡೆದೆವು,
ಅದು ಹೋಗಲಿ ಎಂದು.