ಹಳದಿ ಚುಕ್ಕೆ

ಕೊಯ್‌ಹೈಕೆಯ ಮೇ ತಿಂಗಳ ಗಾಳಿ ಬಾಗಿಲು ಬಡಿಯುವುದಿಲ್ಲ,
ಸೀದಾ ಒಳಗೆ ಬಂದು ಕೂರುತ್ತದೆ.
ಕುರಿಗಳಿಗೆ ಸೂಜಿ ಚುಚ್ಚುವುದು ನನ್ನ ಕಸುಬು.
ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ಎಪ್ಪತ್ತು ಕಿಲೋಮೀಟರ್ ಜಲ್ಲಿ,
ಬೆನ್ನಿಗೆ ಲಸಿಕೆಯ ತಂಪು ಡಬ್ಬಿ,
ಕೆಳಗೆ, ಮುದಿ ಕುರಿಯ ಹಲ್ಲಿನಂತೆ ಸವೆದ
ಹಿಂದಿನ ಟೈರು.

ಎಲಿಸೆಯೊ ಬರ್ರಿಯಾ ರಟ್ಟಿನ ಚೂರಿನ ಮೇಲೆ ದರ ಬರೆದ:
ತೊಂಬತ್ತಾರು ಸಾವಿರ ಪೆಸೊ.
ಸೊನ್ನೆಗಳ ಮೇಲೆ ಅವನ ಹೆಬ್ಬೆರಳಿನ ಮಸಿ.
"ಯೋಚಿಸಿ ಹೇಳ್ತೀನಿ" ಅಂದೆ.
ಲೋಕದ ಎಲ್ಲ ಅಂಗಡಿಯವರಿಗೂ ಗೊತ್ತು
ಆ ಮಾತಿನ ಅರ್ಥ.

ರಾತ್ರಿ ಒಲೆಯ ಪಕ್ಕ, ಫೋನಿನ ಬೆಳಕಿನಲ್ಲಿ
ಅದೇ ಟೈರು, ಅದೇ ಕಪ್ಪು, ಅದೇ ಗೀರು,
ಐವತ್ತೆಂಟು ಸಾವಿರ.
ಬೆರಳೊತ್ತಿದ್ದಷ್ಟೇ, ಮೂವತ್ತೆಂಟು ಉಳಿಯಿತು.
ಆ ರಾತ್ರಿ ನನ್ನಷ್ಟು ಜಾಣೆ
ಇಡೀ ಐಸೆನ್ ಸೀಮೆಯಲ್ಲಿ ಇರಲಿಲ್ಲ.

ಆಮೇಲೆ ಕಾದೆ.
ನಕ್ಷೆಯ ಮೇಲೆ ನೀಲಿ ಗುಂಡು ಸಾಂತಿಯಾಗೊದಲ್ಲಿ ಮಲಗಿತು,
ಪೋರ್ತೊ ಮೋಂತ್‌ನಲ್ಲಿ ಮಲಗಿತು,
ಬಿರುಗಾಳಿಗೆ ಬಂದರು ಮುಚ್ಚಿ ಮೂರು ದಿನ
ನೀರಿನ ಮೇಲೆಯೇ ಮಲಗಿತು.
ನಾನು ಮಾತ್ರ ಮಲಗುವಂತಿರಲಿಲ್ಲ. ಬೋಳು ಟೈರಿನಲ್ಲೇ
ಇಬ್ಬನಿ ಗಟ್ಟಿಯಾದ ತಿರುವುಗಳಲ್ಲಿ ಎರಡು ಸಲ ಬಿದ್ದೆ.
ಎರಡನೆಯ ಸಲ ಹನ್ನೊಂದು ಶೀಶೆ ಒಡೆದವು.
ಅದನ್ನು ಲೆಕ್ಕದ ಯಾವ ಕಡೆಗೆ ಬರೆಯಲಿ?

ಹತ್ತೊಂಬತ್ತನೆಯ ದಿನ ಬಂತು,
ಕರಿ ಪ್ಲಾಸ್ಟಿಕ್ಕು, ಹಸಿರು ಟೇಪು, ಮೀನಿನ ವಾಸನೆ.
ಅಡುಗೆಮನೆಯಲ್ಲೇ ಕೂತು ಹಾಕಲು ಹೋಗಿ
ಕಬ್ಬಿಣದ ಪಟ್ಟಿಗೆ ಟ್ಯೂಬು ಸಿಕ್ಕಿಸಿ ಹರಿದೆ.
ಕೊನೆಗೆ ಉರುಳಿಸಿಕೊಂಡು ಹೋದೆ ಬರ್ರಿಯಾನ ಅಂಗಡಿಗೇ,
ಬಾಗಿಲಲ್ಲಿ ಟೈರನ್ನು ಎತ್ತಿ
ಮುಖಕ್ಕೆ ಅಡ್ಡ ಹಿಡಿದು.

ಅವನು ಏನೂ ಅನ್ನಲಿಲ್ಲ.
(ಸಂತನೇನಲ್ಲ. ಹೋದ ವರ್ಷ ನನಗೆ ಬೇಡದ ಚೈನು ಮಾರಿದ್ದ.)
ಬ್ರಶ್ಶಿನಿಂದ ಸೋಪುನೀರು ಬಳಿದ,
ಬಾಣದ ಗುರುತು ಹುಡುಕಿ ದಿಕ್ಕು ನೋಡಿದ,
ಪಕ್ಕೆಯಲ್ಲಿ ಒತ್ತಿದ್ದ ನಾಲ್ಕು ಅಂಕಿಗಳ ಮೇಲೆ ಹೆಬ್ಬೆರಳು ಇಟ್ಟ,
ಥೇಟ್ ನಾನು ಕುರಿಯ ತುಟಿ ಎತ್ತಿ ನೋಡುವ ಹಾಗೆ.
"ಮೂವತ್ತೊಂದನೆಯ ವಾರ, ಆರು ವರ್ಷದ ಹಿಂದೆ.
ಮುದುಕಿಯಲ್ಲ. ಹರೆಯದವಳೂ ಅಲ್ಲ.
ನೆರಳಲ್ಲಿ ಇದ್ದಳು ಅನ್ಸುತ್ತೆ. ನಡೆಯುತ್ತೆ."

ಹಳದಿ ಚುಕ್ಕೆಯನ್ನು ತಿರುಗಿಸಿ ವಾಲ್ವಿನ ಪಕ್ಕಕ್ಕೆ ತಂದ.
"ಟೈರು ಹಗುರ ಇರೋ ಜಾಗ ಇದು.
ಭಾರದ ಪಕ್ಕ ಕೂರಿಸಬೇಕು."

ಕೈ ತೊಳೆಯಲು ಹಿಂದಿನ ಕೋಣೆಗೆ ಹೋದರೆ
ಗೋಡೆಗೆ ಒರಗಿವೆ ನಾಲ್ಕು ಟೈರು:
ಅದೇ ಕರಿ ಪ್ಲಾಸ್ಟಿಕ್ಕು, ಅದೇ ಹಸಿರು ಟೇಪು,
ಅದೇ ಗೋದಾಮಿನ ಮುದ್ರೆ.
"ನೀವೂ ಅಲ್ಲಿಂದಲೇನಾ?"
"ಮತ್ತೆ? ಈ ಊರಲ್ಲಿ ರಬ್ಬರ್ ಮರ ಇದೆಯಾ?"
ಕೈ ಒರೆಸಿಕೊಂಡು, ನಾನು ಕೇಳದ ಪ್ರಶ್ನೆಗೆ ಎಂಬಂತೆ:
"ಹಳೇದು ಬಂದರೆ ವಾಪಸ್ ಕಳಿಸ್ತೀನಿ.
ಹಡಗಿಗೆ ಕಾಯೋದು ನಾನು."

ಜೋಡಿಸಿದ್ದಕ್ಕೆ ಹನ್ನೆರಡು ಸಾವಿರ, ಟ್ಯೂಬಿಗೆ ಒಂಬತ್ತು,
ಜೊತೆಗೆ ಆ ಹನ್ನೊಂದು ಶೀಶೆ.
ಮನೆಗೆ ಬಂದು ಕೂಡಿ ನೋಡಿದೆ.
ಮೊತ್ತ ಹೇಳುವುದಿಲ್ಲ.

"ಮೊದಲ ನೂರು ಕಿಲೋಮೀಟರ್ ಮೆಲ್ಲಗೆ" ಅಂದಿದ್ದ,
"ಹೊಸ ಟೈರು ಜಾರುತ್ತೆ."
"ಆರು ವರ್ಷದ್ದು ಅಂದಿರಲ್ಲ?"
"ರಸ್ತೆಗೆ ಹೊಸದೇ."

ಮರುದಿನ ಬೆಳಿಗ್ಗೆ ಮೆಲ್ಲಗೇ ಹೋದೆ,
ರಬ್ಬರಿನ ಎಳೆಗೂದಲು ಜಲ್ಲಿಗೆ ಉದುರುತ್ತಾ.
ಕಣಿವೆಯ ಕೊನೆಯ ದೊಡ್ಡಿಯಲ್ಲಿ ಫಿಲಿಬೆರ್ತೊ ಓಯಾರ್ಸುನ್
ಹೊಸ ಕುರಿಯೊಂದನ್ನು ಎಳೆದು ತಂದ.
ಎರಡು ಹಲ್ಲಿನದಂತೆ,
ಫೋನಿನಲ್ಲಿ ಪಟ ನೋಡಿ ಕೊಂಡದ್ದಂತೆ, ಬಹಳ ಅಗ್ಗವಂತೆ.
ತುಟಿ ಎತ್ತಿದೆ. ನನ್ನ ಬೆರಳಿನ ಸೋಪಿನ ವಾಸನೆಗೆ
ಅದು ಮುಖ ತಿರುಗಿಸಿತು.
ಎಂಟೂ ಹಲ್ಲು, ಎರಡು ಅಲ್ಲಾಡುತ್ತಿದ್ದವು.

ಅವನು ನನ್ನನ್ನೇ ನೋಡುತ್ತಿದ್ದ.

"ನಡೆಯುತ್ತೆ" ಅಂದೆ.