ಸೋರಿಕೆ

ಗುರುವಾರ ಗುರುವಾರ ಓಟಕಾರ್ ಬರುತ್ತಿದ್ದ
ಗುಡ್ಡದ ಮೇಲಿನ ಪಿಷ್ಟದ ಕಾರ್ಖಾನೆಯಿಂದ,
ಮೊದಲ ಬಸ್ಸು, ಆಮೇಲೆ ಟ್ರಾಮು,
ಕೋಟಿನ ಎರಡೂ ಜೇಬಲ್ಲಿ ಜಾಮಿನ ಬಾಟಲಿ,
ಬಾಟಲಿಯೊಳಗೆ ಆಲೂಗಡ್ಡೆಯ ಬಿಳಿ ಹಿಟ್ಟು.
"ಯಾರ್ಮಿಲಾ, ಗಂಟು ಕಟ್ಟುತ್ತಿದೆ," ಅನ್ನುವನು,
ರೋಗಿಯ ಕಡೆಯವರು ಡಾಕ್ಟರಿಗೆ ಹೇಳುವ ದನಿಯಲ್ಲಿ.
"ಇಡೀ ದೇಶದ ಮಕ್ಕಳ ಪುಡಿಂಗು ಗಂಟು ಕಟ್ಟುತ್ತಿದೆ.
ಮಂತ್ರಾಲಯಕ್ಕೆ ಕಾಗದ ಹೋಗಿದೆ."

ಬ್ರನೋ ಊರಿನ ಆ ನೆಲಮಾಳಿಗೆಯಲ್ಲಿ
ನನ್ನ ಸೂಕ್ಷ್ಮದರ್ಶಕ: ಆಳೆತ್ತರದ ಉಕ್ಕಿನ ಕಂಬ,
ನೆತ್ತಿಯಲ್ಲಿ ಕೂದಲೆಳೆಯ ಟಂಗ್‌ಸ್ಟನ್ ತಂತಿ,
ತಂತಿಯಿಂದ ಉದುರುವ ಎಲೆಕ್ಟ್ರಾನು.
ಬೆಳಕು ಮುಟ್ಟಲಾರದ್ದನ್ನು ಅವು ತಡವಿ ಬರುತ್ತವೆ
ಕುರುಡರ ಬೆರಳಿನ ಹಾಗೆ.

ಆದರೆ ಅದಕ್ಕೊಂದು ಮಡಿ.
ಒಳಗೆ ಗಾಳಿ ಕೂಡದು, ನೀರಿನ ಪಸೆ ಕೂಡದು,
ಉಸಿರು ತಾಗಿದರೂ ಮೈಲಿಗೆ.
ಬಂದದ್ದೆಲ್ಲ ಬೆಣಚುಕಲ್ಲಾಗುವಷ್ಟು ಒಣಗಿ
ಚಿನ್ನದ ತೆಳು ಅಂಗಿ ತೊಟ್ಟು ಒಳಗೆ ಹೋಗಬೇಕು.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ,
ಇಲ್ಲಿ ಹಿಟ್ಟಿಗೇ ಜುಟ್ಟು, ಜುಟ್ಟಿಗೆ ಬಂಗಾರ.

ನೋಡಿದೆ. ಚೆಂದವೇ ಇತ್ತು:
ಹೊಳೆಯಂಚಿನ ಉರುಟು ಕಲ್ಲುಗಳಂಥ ಕಣಗಳು,
ಒಂದಕ್ಕೊಂದು ಬೆನ್ನು ಕೊಟ್ಟು ಮಲಗಿದ್ದವು.
ಗಂಟನ್ನೇ ತಂದಿಟ್ಟರೂ ಒಣಗುವಷ್ಟರಲ್ಲಿ
ಅದು ಸುಕ್ಕಿ, ಮುದುಡಿ, ಸಾಕ್ಷಿ ಬದಲಿಸುತ್ತಿತ್ತು.
ಗಂಟು ಕಟ್ಟುವುದು ಒದ್ದೆಯಲ್ಲಿ;
ಒದ್ದೆಯನ್ನು ಬಾಗಿಲಾಚೆ ನಿಲ್ಲಿಸಿ
ಗಂಟೆಲ್ಲಿ ಅಂತ ಹುಡುಕಿದೆವು ಎಂಟು ತಿಂಗಳು.

ಫೆಬ್ರವರಿಯ ಒಂದು ಸಂಜೆ. ಮಗಳಿಗೆ ಜ್ವರ,
ಆರೂ ಹತ್ತರ ಟ್ರಾಮು ತಪ್ಪಬಾರದು.
ಅವಸರಕ್ಕೋ, ಹಟಕ್ಕೋ,
ಗಂಟನ್ನು ಬ್ಲೇಡಿನಿಂದ ಸೀಳಿ
ಹಸಿಹಸಿಯಾಗಿಯೇ ಒಳಗಿಟ್ಟುಬಿಟ್ಟೆ, ಚಿನ್ನವಿಲ್ಲದೆ.
ಕಿಂಡಿಯ ರಬ್ಬರ್ ಬಳೆ ಚಳಿಗೆ ಸೆಡೆತು
ಎಳ್ಳಿನ ಮೂಗಿನಷ್ಟು ಬಿರಿದದ್ದು ನನಗೆ ಗೊತ್ತಿರಲಿಲ್ಲ.
ಪರದೆ ತುಂಬ ಹಿಮ ಸುರಿಯಿತು.
ಆ ಹಿಮದ ನಡುವೆ, ಹನ್ನೊಂದು ಸೆಕೆಂಡು,
ಗಂಟು ತನ್ನ ಒಡಲು ತೋರಿಸಿತು.

ಹೊರಗಿನ ಕಣಗಳು ಉಬ್ಬಿ, ಒಂದಕ್ಕೊಂದು ಅಂಟಿ
ಗೋಡೆ ಕಟ್ಟಿದ್ದವು. ಗೋಡೆಯ ಒಳಗೆ
ಹನಿಯೂ ತಲುಪದ ಒಣ ಹಿಟ್ಟು.
ಮೊದಲು ಕುಡಿದವರೇ ಬಾಗಿಲು ಮುಚ್ಚಿದ್ದರು.
ಗುಂಡಿ ಒತ್ತಿದೆ, ಒಂದೇ ಒಂದು ಫೋಟೊ.
ಆಮೇಲೆ ತಂತಿ ಸುಟ್ಟು ಕತ್ತಲೆ.

ತಂತಿಯ ಬೆಲೆ ಸಂಬಳದಲ್ಲಿ ಹಿಡಿದರು.
ಕಡತದಲ್ಲಿ ಬರೆದರು: ಅಜಾಗರೂಕತೆ. ಸೋರಿಕೆ.

ಓಟಕಾರ್ ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು
ತುಂಬ ಹೊತ್ತು ಸುಮ್ಮನಿದ್ದ.
"ಹಾಗಾದರೆ ಅಷ್ಟು ನುಣ್ಣಗೆ ಬೀಸಿದ್ದೇ ತಪ್ಪು," ಅಂದ.
ಮರಳಿ ಹೋಗಿ ಹಿಟ್ಟಿಗೆ ಹಬೆ ಸೋಕಿಸಿದ,
ಸೋಕಿಸಿದ್ದಷ್ಟೇ,
ಇಸ್ತ್ರಿಗೆ ಮುಂಚೆ ಅಂಗಿಗೆ ನೀರು ಚಿಮುಕಿಸುವಂತೆ.
ಕಣಗಳು ಸಡಿಲವಾಗಿ ಕೈ ಹಿಡಿದು ನಿಂತವು,
ನಡುನಡುವೆ ಓಣಿ, ಓಣಿಯಲ್ಲಿ ನೀರಿಗೆ ದಾರಿ.
ಆ ವಸಂತದಲ್ಲಿ ನನ್ನ ಮಗಳು
ಎರಡು ಬಟ್ಟಲು ಪುಡಿಂಗು ತಿಂದು ತಟ್ಟೆ ನೆಕ್ಕಿದಳು.

ಎರಡು ವರ್ಷದ ಮೇಲೆ ಬಂದವು
ಆವಿಷ್ಕಾರದ ಪ್ರಮಾಣಪತ್ರಗಳು. ಒಂದು ಹಬೆಗೆ.
ಇನ್ನೊಂದು, ಓದಿ ನಕ್ಕುಬಿಟ್ಟೆ,
"ನಿಯಂತ್ರಿತ ಸೋರಿಕೆಯ ವಿಧಾನ"ಕ್ಕೆ.
ಒಂದು ವಿಶೇಷಣ ಸೇರಿಸಿದ್ದರು, ಅಷ್ಟೆ.
ಐದು ಹೆಸರು. ನಿರ್ದೇಶಕರದು ಮೊದಲು,
ಅವರ ಷಡ್ಡಕನದು ನಾಲ್ಕನೆಯದು.
ಓಟಕಾರನದು ಎಲ್ಲೂ ಇಲ್ಲ.
ನನ್ನದು ಕೆಳಗೆ, ಸಣ್ಣಕ್ಷರದಲ್ಲಿ: ತಾಂತ್ರಿಕ ನೆರವು.
ಆ ದಿನದ ಗುಂಪುಫೋಟೊ ಇದೆ ನನ್ನ ಹತ್ತಿರ.
ಭುಜಕ್ಕೆ ಭುಜ ಅಂಟಿಸಿ ನಿಂತಿದ್ದಾರೆ,
ಗಾಳಿಯಾಡದಷ್ಟು ಒತ್ತಾಗಿ.

ಆಮೇಲೆ ಏನೇನೋ ಆಯಿತು. ದೇಶವೇ ಎರಡಾಯಿತು.
ಕಾರ್ಖಾನೆಯ ಹೆಂಚು ಯಾರೋ ಬಿಚ್ಚಿಕೊಂಡು ಹೋದರು.
ಯಂತ್ರವನ್ನು ಗುಜರಿಗೆ ಕೊಡುವ ಹಿಂದಿನ ದಿನ
ಹಳೆಯ ರಬ್ಬರ್ ಬಳೆಯನ್ನು ನಾನು ಕದ್ದು ತಂದೆ.
ಓಟಕಾರ್ ಬಿಟ್ಟುಹೋದ ಬಾಟಲಿಯ ಬಾಯಿಗೆ
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.
ಹೋದ ಆಗಸ್ಟಿನಲ್ಲಿ ಅದರಲ್ಲಿ ಪ್ಲಮ್ ಜಾಮು ತುಂಬಿಟ್ಟಿದ್ದೆ.
ಕ್ರಿಸ್‌ಮಸ್ಸಿಗೆ ತೆಗೆದರೆ
ಮೇಲೆಲ್ಲ ಬೂದುಹಸಿರು ಬೂಷ್ಟು.

ಎಸೆಯುವ ಮುಂಚೆ
ಕನ್ನಡಕ ಹುಡುಕಿ, ದೀಪದಡಿ ಕೂತು,
ಎಷ್ಟೋ ಹೊತ್ತು ನೋಡಿದೆ.